ಮುಯ್ಯಾಳು ಕಚೇರಿಗೂ ಬರಲಿ

2018ರ ನವೆಂಬರ್ 24, ಶನಿವಾರ. ಪಾಂಡವಪುರ ತಾಲ್ಲೂಕಿನ ಕನಗನಮರಡಿ ಬಳಿ ಖಾಸಗಿ ಬಸ್ಸು ವಿಶ್ವೇಶ್ವರಯ್ಯ (ವಿ.ಸಿ.) ನಾಲೆಗೆ ಉರುಳಿ 30 ಮಂದಿ ಸತ್ತರು. ಅರ್ಧ ದಿನದ ಶಾಲೆ ಮುಗಿಸಿ ಮನೆಗೆ ಹೊರಟಿದ್ದ ಮಕ್ಕಳೂ ಅದರಲ್ಲಿದ್ದರು. ವದೇಸಮುದ್ರ ಗ್ರಾಮವೊಂದೇ ಹಲವರನ್ನು ಕಳೆದುಕೊಂಡಿತು. ಅದೇ ರಾತ್ರಿ ಮಂಡ್ಯದ ನಟ, ರಾಜಕಾರಣಿ ಅಂಬರೀಶ್ ತೀರಿಕೊಂಡರು. ಯಾರಿಗೆಂದು ಅಳುವುದು ಎಂದು ತಿಳಿಯದೆ ಜಿಲ್ಲೆಯೇ ಕೂತಿತು.

ನಮ್ಮ ಸೀಮೆಯಲ್ಲಿ ಸಾವಾದ ಮನೆಯ ಗದ್ದೆ ಕೊಯ್ಲಿಲ್ಲದೆ ನಿಲ್ಲುವುದಿಲ್ಲ, ಕೆಲಸಕ್ಕೆ ಕೆಲಸ ತೀರಿಸುವ ಮುಯ್ಯಾಳು ಬಂದು ಮುಗಿಸುತ್ತಾರೆ. ಪರಿಹಾರ, ಖಾತೆ ಎಂದು ಕಚೇರಿಗೆ ಮಾತ್ರ ಆ ಮನೆಯ ಹೆಂಗಸು ಒಬ್ಬಳೇ ಅಲೆಯುತ್ತಾಳೆ. ಮಂಡ್ಯ, ಮದ್ದೂರು, ಮಳವಳ್ಳಿ ಎಲ್ಲಾದರೂ ಇದೇ ಕಥೆ.

ಅಂದು ಸರ್ಕಾರ ತಲಾ 5 ಲಕ್ಷ ಘೋಷಿಸಿತು. ಇಂಥ ಚೆಕ್ ಬಂದರೆ ಎಲ್ಲ ಮುಗಿಯಿತು ಅಂದುಕೊಳ್ಳುತ್ತಾರೆ, ಎಡವುವುದು ಅಲ್ಲೇ. ಅದು ಅನುಕಂಪದ ಹಣ. ವಿಮಾ ಕಂಪನಿ ಕೊಡಬೇಕಾದದ್ದು ಬೇರೆ. ಅದಕ್ಕೆ ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿಗೆ ಅರ್ಜಿ ಹಾಕಬೇಕು. ಅಪಘಾತ ಎಲ್ಲೇ ಆಗಿರಲಿ, ನೀವು ವಾಸವಿರುವ ಕಡೆಯೇ ಹಾಕಬಹುದು. 2022ರ ಏಪ್ರಿಲ್ 1ರಿಂದ ಜಾರಿಯಾದ ತಿದ್ದುಪಡಿಯಂತೆ ಗಡುವು ಆರು ತಿಂಗಳು. ವರ್ಷದ ತಿಥಿ ಕಳೆಯಲಿ ಎಂದು ಕಾಯುವಂತಿಲ್ಲ.

ಒಂದೇ ಬಸ್ಸೆಂದರೆ ಎಫ್‌ಐಆರ್, ದೋಷಾರೋಪ ಪಟ್ಟಿ, ವಿಮೆ ಪಾಲಿಸಿ ಎಲ್ಲ ಮನೆಗೂ ಒಂದೇ. ಓದಿದ ಹುಡುಗನೊಬ್ಬ ಹೋಗಿ ನಕಲು ತಂದು ಜೆರಾಕ್ಸ್ ಮಾಡಿಸಿದರೆ ಆಯಿತು. ಮರಣೋತ್ತರ ಪರೀಕ್ಷೆ ವರದಿ, ವಂಶವೃಕ್ಷ, ಮರಣ ಪ್ರಮಾಣಪತ್ರ ಆಯಾ ಮನೆಯವು. ಸಾವನ್ನು 21 ದಿನದೊಳಗೆ ನೋಂದಾಯಿಸಿದರೆ ಶುಲ್ಕವಿಲ್ಲ.

ರೈತನಿಗೆ ಸಂಬಳದ ಚೀಟಿ ಎಲ್ಲಿಂದ ಬರಬೇಕು? ಪಹಣಿ, ಡೇರಿಯ ಹಾಲಿನ ಪುಸ್ತಕ, ಕಬ್ಬಿನ ತೂಕದ ಚೀಟಿ ಎತ್ತಿಡಿ. ಸತ್ತವಳಿಗೆ 38 ವರ್ಷವಾದರೆ, ಸ್ವಂತ ಖರ್ಚು ಕಳೆದ ವರ್ಷದ ಆದಾಯವನ್ನು 15ರಿಂದ ಗುಣಿಸುತ್ತಾರೆ. ಹಾಲಿನ ಪುಸ್ತಕದಿಂದ ತಿಂಗಳಿಗೆ ಒಂದು ಸಾವಿರ ಹೆಚ್ಚು ತೋರಿಸಿದರೆ, ಮೂರರಲ್ಲೊಂದು ಪಾಲು ಕಳೆದರೂ 1.2 ಲಕ್ಷದ ಫರಕು! ಬರೀ ಗೃಹಿಣಿ ಎಂದು ತಳ್ಳಿಹಾಕುವಂತೆಯೂ ಇಲ್ಲ. ಮನೆಗೆಲಸಕ್ಕೆ ಬೆಲೆ ಕಟ್ಟಬೇಕೆಂದು ಸುಪ್ರೀಂ ಕೋರ್ಟ್ 2021ರಲ್ಲಿ ಹೇಳಿದೆ.

ಹೆಂಗಸರಿಗೆ, ಸಾಮೂಹಿಕ ದುರಂತಕ್ಕೆ ಸಿಕ್ಕವರಿಗೆ ಸರ್ಕಾರಿ ಖರ್ಚಿನಲ್ಲೇ ವಕೀಲರುಂಟು. ತಾಲ್ಲೂಕು ಕಾನೂನು ಸೇವಾ ಸಮಿತಿಯಲ್ಲಿ ಕೇಳಿ, ಇಲ್ಲವೇ 15100ಕ್ಕೆ ಫೋನ್ ಮಾಡಿ. ಬಂದ ದುಡ್ಡಿನಲ್ಲಿ ಇಷ್ಟು ಪರ್ಸೆಂಟ್ ಎನ್ನುವವರನ್ನು ದೂರವಿಡಿ. ವಕೀಲರ ಪರಿಷತ್ತಿನ ನಿಯಮವೇ ಅದನ್ನು ಒಪ್ಪದು.

ಇನ್ನು ಜಮೀನು. ಸತ್ತವರ ಹೆಸರಿನ ಜಮೀನನ್ನು ವಾರಸುದಾರರ ಹೆಸರಿಗೆ ಮಾಡಿಸುವ ಪೌತಿ ಖಾತೆಗೆ ನಾಡಕಚೇರಿಯಲ್ಲಿ ಅರ್ಜಿ ಕೊಡಿ. ಹಿಂದೂ ಕುಟುಂಬದಲ್ಲಿ ಗಂಡಸು ಉಯಿಲು ಬರೆಯದೆ ಸತ್ತರೆ ಅವನ ಪಾಲಿಗೆ ಹೆಂಡತಿ, ಗಂಡು-ಹೆಣ್ಣು ಮಕ್ಕಳು, ತಾಯಿ ಎಲ್ಲರೂ ಹಕ್ಕುದಾರರು. "ಅತ್ತಿಗೆ, ನಾನ್ ನೋಡ್ಕತೀನಿ, ಸೈನ್ ಹಾಕಿ" ಎಂದು ಮೈದುನ ಕಾಗದ ತಂದರೆ ಓದಿಸಿ ಕೇಳಿ. ಅದು ಪಾಲು ಬಿಟ್ಟುಕೊಡುವ ಹಕ್ಕು ಖುಲಾಸೆ ಪತ್ರವಾದರೆ ಸಬ್ ರಿಜಿಸ್ಟ್ರಾರ್ ಕಚೇರಿಗೇ ಕರೆಯುತ್ತಾರೆ. ಅಲ್ಲಿಗೆ ಹೋಗುವ ದಿನ ಪಕ್ಕದ ಮನೆಯ ಇಬ್ಬರು ಜೊತೆಗಿರಲಿ.