ಶಿಕ್ಷಕರ ಸಹಕಲಿಕೆ ಮತ್ತು ಮನ್ನಣೆ

ಮೂರನೆಯ ತರಗತಿಯ ಮಕ್ಕಳು 52ರಿಂದ 27ನ್ನು ಕಳೆದು 35 ಎಂದು ಬರೆಯುವುದು ಶಿಕ್ಷಕರಿಗೆಲ್ಲ ಪರಿಚಿತವಾದ ತಪ್ಪು. ಎಷ್ಟು ತಿದ್ದಿದರೂ ಮರುವಾರ ಅದು ಮತ್ತೆ ಕಾಣಿಸಿಕೊಳ್ಳುತ್ತದೆ. ಒಬ್ಬರೋ ಇಬ್ಬರೋ ಶಿಕ್ಷಕರಿರುವ ಶಾಲೆಯಲ್ಲಿ ಇದನ್ನು ಯಾರೊಡನೆ ಚರ್ಚಿಸುವುದು? ಅದೇ ಲೆಕ್ಕದ ಪುಸ್ತಕಗಳನ್ನು ನೆರೆಯ ಶಾಲೆಗಳ ಸಹೋದ್ಯೋಗಿಗಳ ಮುಂದಿಟ್ಟರೆ ಕಾರಣ ಹೊಳೆಯುತ್ತದೆ. 2ರಿಂದ 7ನ್ನು ಕಳೆಯಲಾಗದೆ ಮಗು 7ರಿಂದ 2ನ್ನು ಕಳೆದಿರುತ್ತದೆ. ಇದು ಅಜಾಗರೂಕತೆಯಲ್ಲ, ಮಗು ತಾನೇ ಕಂಡುಕೊಂಡ ನಿಯಮ. ಹತ್ತು ಕಡ್ಡಿಗಳ ಐದು ಕಟ್ಟು ಮತ್ತು ಎರಡು ಬಿಡಿ ಕಡ್ಡಿಗಳನ್ನು ಕೊಟ್ಟು, ಒಂದು ಕಟ್ಟನ್ನು ಬಿಚ್ಚಿಸುವ ಉಪಾಯವನ್ನು ಒಬ್ಬರು ಹೇಳುತ್ತಾರೆ. ಮುಂದಿನ ತಿಂಗಳು ಅದರ ಫಲಿತಾಂಶ ಸಭೆಗೆ ಬರುತ್ತದೆ. ಸಹಕಲಿಕೆ ಎಂದರೆ ಇಷ್ಟೇ.

ಸಮೀಪದ ಶಾಲೆಗಳು ಪರಸ್ಪರ ನೆರವಾಗುವ ಶಾಲಾ ಸಂಕೀರ್ಣಗಳನ್ನು 1964-66ರ ಕೊಠಾರಿ ಆಯೋಗವೇ ಸೂಚಿಸಿತ್ತು. 1994ರಲ್ಲಿ ಆರಂಭವಾದ ಜಿಲ್ಲಾ ಪ್ರಾಥಮಿಕ ಶಿಕ್ಷಣ ಕಾರ್ಯಕ್ರಮದ ಮೂಲಕ ಸಮೂಹ ಸಂಪನ್ಮೂಲ ಕೇಂದ್ರಗಳು ರೂಪುಗೊಂಡವು. ಕರ್ನಾಟಕದಲ್ಲಿ ಈ ಮಟ್ಟದ ಸಭೆಗೆ ಸಮಾಲೋಚನಾ ಸಭೆ ಎಂಬ ಹೆಸರು ರೂಢಿಯಲ್ಲಿದೆ. ಹೆಸರಿಗೆ ತಕ್ಕಂತೆ ಸಮಾಲೋಚನೆ ನಡೆದಾಗ ಅದು ಸಾರ್ಥಕ. ಸುತ್ತೋಲೆ ಓದುವುದರಲ್ಲಿ, ನಮೂನೆ ತುಂಬುವುದರಲ್ಲಿ ದಿನ ಕಳೆದರೆ ಪಾಠವೂ ತಪ್ಪಿತು, ಪ್ರಯೋಜನವೂ ತಪ್ಪಿತು.

ಇಂತಹ ಸಭೆಗಳಿಂದ ಏನು ಸಾಧ್ಯವೆಂಬುದಕ್ಕೆ ಮಧ್ಯಪ್ರದೇಶದ ಹೋಶಂಗಾಬಾದ್ ವಿಜ್ಞಾನ ಶಿಕ್ಷಣ ಕಾರ್ಯಕ್ರಮ ಉತ್ತಮ ನಿದರ್ಶನ. 1972ರಲ್ಲಿ 16 ಮಾಧ್ಯಮಿಕ ಶಾಲೆಗಳಲ್ಲಿ ಪ್ರಾರಂಭವಾಗಿ 1978ರಲ್ಲಿ ಇಡೀ ಜಿಲ್ಲೆಗೆ ವಿಸ್ತರಿಸಿದ ಈ ಕಾರ್ಯಕ್ರಮದಲ್ಲಿ ಮಕ್ಕಳು ಪ್ರಯೋಗ ಮಾಡಿ ಕಲಿಯುತ್ತಿದ್ದರು. ಶಿಕ್ಷಕರು ಪ್ರತಿ ತಿಂಗಳು ಕಲೆತು, ಯಾವ ಪ್ರಯೋಗ ತರಗತಿಯಲ್ಲಿ ಕೈಕೊಟ್ಟಿತು ಎಂಬುದನ್ನು ಮುಚ್ಚುಮರೆಯಿಲ್ಲದೆ ಹೇಳುತ್ತಿದ್ದರು. ಅವರ ಅನುಭವದ ಆಧಾರದ ಮೇಲೆ ಪಠ್ಯಪುಸ್ತಕಗಳ ಪರಿಷ್ಕರಣವಾಯಿತು. ಅವರಲ್ಲೇ ಹಲವರು ಇತರ ಶಿಕ್ಷಕರಿಗೆ ತರಬೇತಿ ನೀಡುವವರಾದರು. 2002ರಲ್ಲಿ ರಾಜ್ಯ ಸರ್ಕಾರ ಕಾರ್ಯಕ್ರಮವನ್ನು ನಿಲ್ಲಿಸಿತು. ಆದರೆ ತನ್ನ ಮಾತಿನಿಂದ ಪುಸ್ತಕವೇ ತಿದ್ದುಪಡಿಯಾಗುವುದನ್ನು ಕಂಡ ಶಿಕ್ಷಕನಿಗೆ ದೊರೆತ ಮನ್ನಣೆ ಸಾಮಾನ್ಯವಾದುದಲ್ಲ.

ಮನ್ನಣೆ ಎಂದೊಡನೆ ನೆನಪಾಗುವುದು 1958ರಲ್ಲಿ ಸ್ಥಾಪಿತವಾದ ರಾಷ್ಟ್ರೀಯ ಶಿಕ್ಷಕ ಪ್ರಶಸ್ತಿ. ಸೆಪ್ಟೆಂಬರ್ 5ರಂದು ಪ್ರದಾನವಾಗುವ ಈ ಪ್ರಶಸ್ತಿಗೆ 2018ರಿಂದ ಶಿಕ್ಷಕರು ತಾವೇ ಅರ್ಜಿ ಸಲ್ಲಿಸಬಹುದಾಗಿದೆ. ಆಯ್ಕೆಯು ಜಿಲ್ಲೆ, ರಾಜ್ಯ ಹಾಗೂ ರಾಷ್ಟ್ರ ಮಟ್ಟಗಳಲ್ಲಿ ನಡೆಯುತ್ತದೆ. ಖಾಸಗಿ ಟ್ಯೂಷನ್ ನಡೆಸುವವರು ಅರ್ಹರಲ್ಲ. ಆ ವರ್ಷ ಪ್ರಶಸ್ತಿ ಪಡೆದವರು 45 ಮಂದಿ. ದೇಶದ ಶಾಲಾ ಶಿಕ್ಷಕರ ಸಂಖ್ಯೆಯಾದರೋ 2024-25ರಲ್ಲಿ ಒಂದು ಕೋಟಿಯನ್ನು ದಾಟಿತು. ಉಳಿದವರ ಶ್ರಮವನ್ನು ಗುರುತಿಸುವವರು ಯಾರು? ಆ ಕೆಲಸವನ್ನು ಹತ್ತಿರದಿಂದ ಬಲ್ಲ ಸಹೋದ್ಯೋಗಿಗಳೇ. ಒಬ್ಬರ ಉಪಾಯ ಇನ್ನೊಂದು ಶಾಲೆಯಲ್ಲಿ ಬಳಕೆಯಾದಾಗ ಅದನ್ನು ರೂಪಿಸಿದವರ ಹೆಸರನ್ನು ಸಭೆಯಲ್ಲಿ ಹೇಳುವುದಕ್ಕೆ ಹಣ ಬೇಕಿಲ್ಲ. ಹಾಗಿದ್ದರೂ ಅದು ಬಹುಮಟ್ಟಿಗೆ ಮರೆತುಹೋಗುತ್ತದೆ.

ಮಹಾರಾಷ್ಟ್ರದ ಜತ್, ಅಕ್ಕಲಕೋಟೆ ಹಾಗೂ ಕೇರಳದ ಕಾಸರಗೋಡಿನ ಕನ್ನಡ ಮಾಧ್ಯಮ ಶಾಲೆಗಳ ಶಿಕ್ಷಕರಿಗೆ ಈ ಒಡನಾಟ ಇನ್ನೂ ಅಗತ್ಯ. ಗಣಿತದ ತೊಡಕನ್ನು ಮರಾಠಿ ಅಥವಾ ಮಲಯಾಳಂ ಶಿಕ್ಷಕರೊಡನೆ ಹಂಚಿಕೊಳ್ಳಬಹುದು. ಕನ್ನಡದ ಒತ್ತಕ್ಷರ ಕಲಿಸುವ ತೊಡಕಿಗೆ ಕನ್ನಡ ಶಿಕ್ಷಕರೇ ಬೇಕು.

2020ರ ರಾಷ್ಟ್ರೀಯ ಶಿಕ್ಷಣ ನೀತಿಯು ಪ್ರತಿ ಶಿಕ್ಷಕರೂ ವರ್ಷಕ್ಕೆ ಕನಿಷ್ಠ 50 ಗಂಟೆಗಳ ವೃತ್ತಿ ಅಭಿವೃದ್ಧಿಯಲ್ಲಿ ಪಾಲ್ಗೊಳ್ಳಬೇಕೆಂದು ಅಪೇಕ್ಷಿಸುತ್ತದೆ. ಸಭೆಯ ದಿನ ಶಿಕ್ಷಕರು ಶಾಲೆಯಲ್ಲಿಲ್ಲವೆಂದು ಪೋಷಕರು ಅಸಮಾಧಾನಪಡುವುದು ಸಹಜ. 2009ರ ಶಿಕ್ಷಣ ಹಕ್ಕು ಕಾಯಿದೆಯನ್ವಯ ರಚಿತವಾದ ಶಾಲಾ ಸಮಿತಿಗಳಲ್ಲಿ ನಾಲ್ಕರಲ್ಲಿ ಮೂರು ಪಾಲು ಸದಸ್ಯರು ತಂದೆತಾಯಿ ಅಥವಾ ಪೋಷಕರೇ. ಸಭೆಯಿಂದ ಮರಳಿದ ಶಿಕ್ಷಕರನ್ನು, ಅಲ್ಲಿ ಏನು ಚರ್ಚೆಯಾಯಿತು, ತರಗತಿಯಲ್ಲಿ ಯಾವುದನ್ನು ಪ್ರಯೋಗಿಸುವಿರಿ ಎಂದು ಅವರು ಸಮಿತಿಯಲ್ಲಿ ವಿಚಾರಿಸಬಹುದು.