ಒಂದು ಹಗ್ಗ, ಹಲವು ಕೈ

ಬೀದರ ಜಿಲ್ಲೆಯ ಔರಾದ ತಾಲ್ಲೂಕಿನ ಸಂತಪುರದಲ್ಲಿ ಒಂದು ಸೇದುವ ಬಾವಿ, ಅದಕ್ಕೆ ಒಂದೇ ಹಗ್ಗ ಎಂದು ಊಹಿಸಿಕೊಳ್ಳಿ. ಹುಡುಗನೊಬ್ಬ ನೀರು ಸೇದುತ್ತಿದ್ದಾನೆ. ಅತ್ತ ಬಂದ ಹಿರಿಯರೊಬ್ಬರು, “ಏ ತಮ್ಮಾ, ಮೊದಲು ಈ ಚೀಲ ಇಳಿಸು ಬಾ” ಎನ್ನುತ್ತಾರೆ. ಹಿರಿಯರ ಮಾತನ್ನು ಮೀರಲಾರದೆ ಹುಡುಗನು ಹಗ್ಗವನ್ನು ಹೆಗಲಿಗೇರಿಸಿಕೊಂಡೇ ಹೊರಡುತ್ತಾನೆ. ಆ ಹೊತ್ತಿಗೆ ಬಣವೆಗೆ ಬೆಂಕಿ ಬಿದ್ದವನೊಬ್ಬ ಓಡಿ ಬಂದರೆ, ಬಾವಿಯಲ್ಲಿ ನೀರಿದೆ, ಹಗ್ಗವಿಲ್ಲ. ಎಲ್ಲರಿಗಿಂತ ಅವಸರದವನು ಚೀಲ ಇಳಿಯುವವರೆಗೆ ಕಾಯಬೇಕು! ಇಲ್ಲಿ ತಪ್ಪು ಯಾರೊಬ್ಬರದೂ ಅಲ್ಲ, ಏರ್ಪಾಟಿನದು.

ಗಣಕಯಂತ್ರದಲ್ಲಿಯೂ ಹಲವು ಕೆಲಸಗಳು ಏಕಕಾಲದಲ್ಲಿ ಕಾದಿರುತ್ತವೆ. ಅವುಗಳಿಗೆ ಸರದಿ ಗೊತ್ತುಮಾಡಿ, ಬೇಕಾದ ಸಲಕರಣೆಗಳನ್ನು ಹಂಚಿಕೊಡುವ ಮೂಲ ಕ್ರಮವಿಧಿಗೆ ಆಪರೇಟಿಂಗ್ ಸಿಸ್ಟಮ್ ಅಥವಾ ಕಾರ್ಯಾಚರಣೆ ವ್ಯವಸ್ಥೆ ಎಂದು ಹೆಸರು. 1997ರ ಜುಲೈ 4ರಂದು ಮಂಗಳ ಗ್ರಹದ ಮೇಲೆ ಇಳಿದ ಅಮೆರಿಕದ ಪಾತ್‌ಫೈಂಡರ್ ನೌಕೆಯಲ್ಲಿ ಈ ಬಾವಿಯ ಕಥೆಯೇ ನಡೆಯಿತು. ಹವಾಮಾನದ ಮಾಹಿತಿಯನ್ನು ಕೂಡಿಸುವ ಕಿರಿಯ ಕೆಲಸವು ಎಲ್ಲರಿಗೂ ಬೇಕಾದ ಬೀಗವೊಂದನ್ನು ಹಿಡಿದಿತ್ತು. ನಡುವಣ ದರ್ಜೆಯ ಕೆಲಸಗಳು ಅದನ್ನು ತಡೆದು ನಿಲ್ಲಿಸಿದವು. ಅತ್ಯಂತ ಮುಖ್ಯವಾದ ಕೆಲಸ ಬೀಗಕ್ಕಾಗಿ ಕಾಯುತ್ತ ಉಳಿಯಿತು. ಏನೋ ಕೆಟ್ಟಿದೆಯೆಂದು ಬಗೆದ ಕಾವಲು ವ್ಯವಸ್ಥೆ ಯಂತ್ರವನ್ನು ಮತ್ತೆ ಮತ್ತೆ ಮೊದಲಿನಿಂದ ಪ್ರಾರಂಭಿಸತೊಡಗಿತು. ಬೀಗ ಹಿಡಿದ ಕಿರಿಯನಿಗೆ, ಅದನ್ನು ಬಿಡುವವರೆಗೆ, ಕಾಯುತ್ತಿರುವ ಹಿರಿಯನ ಸ್ಥಾನವನ್ನೇ ಕೊಡುವುದು ಇದಕ್ಕೆ ಪರಿಹಾರ. ಆ ನಿಯಮ ವ್ಯವಸ್ಥೆಯಲ್ಲಿ ಇದ್ದೇ ಇತ್ತು. ಅಲ್ಲಿ ಅದನ್ನು ಚಾಲನೆಗೊಳಿಸಿರಲಿಲ್ಲ. ಭೂಮಿಯಿಂದ ಸೂಚನೆ ಕಳುಹಿಸಿ ಸರಿಪಡಿಸಬೇಕಾಯಿತು.

ಉಡಾವಣೆಗೆ ಮೊದಲು ಪರೀಕ್ಷೆ ಮಾಡಿರಲಿಲ್ಲವೇ? ಮಾಡಿದ್ದರು. ದೋಷವು ಒಮ್ಮೊಮ್ಮೆ ಇಣುಕಿಯೂ ಇತ್ತು. ಮತ್ತೆ ಹುಡುಕಿದರೆ ಸಿಕ್ಕಿರಲಿಲ್ಲ. ಇದರಲ್ಲಿ ಆಶ್ಚರ್ಯವಿಲ್ಲ. ತಲಾ 10 ಹೆಜ್ಜೆಗಳ 3 ಕೆಲಸಗಳು ಒಂದರೊಳಗೊಂದು ಹೆಣೆದುಕೊಳ್ಳಬಹುದಾದ ಕ್ರಮಗಳು 5.5 ಲಕ್ಷ ಕೋಟಿಗೂ ಹೆಚ್ಚು. ಅವೆಲ್ಲವನ್ನೂ ಓಡಿಸಿ ನೋಡುವುದು ಆಗದ ಮಾತು.

ಆದ್ದರಿಂದ ವಿದ್ವಾಂಸರು ಮಾದರಿ ಭಾಷೆಗಳನ್ನು ರೂಪಿಸಿದರು. ಕ್ರಮವಿಧಿಯ ಭಾಷೆ ಕೆಲಸವನ್ನು ಹೇಗೆ ಮಾಡಬೇಕೆಂದು ಹೇಳುತ್ತದೆ. ಮಾದರಿ ಭಾಷೆ ಏನು ಸದಾ ನಿಜವಾಗಿರಬೇಕೆಂದು ಹೇಳುತ್ತದೆ. ಇಂಥವುಗಳಲ್ಲೊಂದು ‘ಝೆಡ್’. ಅದರ ಅಡಿಪಾಯ ಗಣಿತದ ಗಣಗಳು. ಸಿದ್ಧವಿರುವ ಕೆಲಸಗಳದು ಒಂದು ಗಣ, ಕಾಯುತ್ತಿರುವವುಗಳದು ಇನ್ನೊಂದು. ಒಂದೇ ಕೆಲಸ ಎರಡರಲ್ಲಿಯೂ ಇರಕೂಡದು. ನಡೆಯುತ್ತಿರುವ ಕೆಲಸಕ್ಕಿಂತ ಮೇಲಿನದು ಸಿದ್ಧಗಣದಲ್ಲಿ ಉಳಿದಿರಕೂಡದು. ಹೀಗೆ ಬರೆದಿಟ್ಟ ಮೇಲೆ ಕ್ರಮವಿಧಿಯ ಪ್ರತಿಯೊಂದು ಕ್ರಿಯೆಯೂ ಈ ಮಾತುಗಳನ್ನು ಉಳಿಸುತ್ತದೆಯೇ ಎಂದು, ಪ್ರಮೇಯವನ್ನು ಸಾಧಿಸಿದಂತೆ ಸಾಧಿಸಬೇಕು. ಬರೆಯಲು ಮರೆತ ಮಾತನ್ನು ಮಾತ್ರ ಯಾವ ಸಾಧನೆಯೂ ಕಾಯಲಾರದು.

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಸುಮೇಶ್ ದಿವಾಕರನ್, ದೀಪಕ್ ಡಿಸೋಜಾ ಮೊದಲಾದವರು ಈ ದಾರಿಯಲ್ಲಿ ನಡೆದರು. ಚಿಕ್ಕ ಉಪಕರಣಗಳಲ್ಲಿ ವಿಪುಲವಾಗಿ ಬಳಕೆಯಾಗುವ ‘ಫ್ರೀ ಆರ್‌ಟಿಒಎಸ್’ ಎಂಬ ವ್ಯವಸ್ಥೆಯಲ್ಲಿ ಸರದಿ ಹಂಚುವ ಭಾಗವನ್ನು ಅವರು ಆರಿಸಿಕೊಂಡರು. ಝೆಡ್ ಮಾದರಿಯಿಂದ ತೊಡಗಿ, ಹಂತಹಂತವಾಗಿ ಇಳಿದು, ನಿಜವಾದ ಕ್ರಮವಿಧಿಯವರೆಗೆ ಬಂದು, ಪ್ರತಿ ಹೆಜ್ಜೆಯನ್ನೂ ಗಣಕದಿಂದಲೇ ತಾಳೆ ನೋಡಿಸಿದರು. 2015ರಲ್ಲಿ ಅವರು ಪ್ರಕಟಿಸಿದ ಪ್ರಬಂಧದಲ್ಲಿ ಆ ಸಾಧನೆಯೊಂದಿಗೆ, ಹುಡುಕಾಟದಲ್ಲಿ ಸಿಕ್ಕ ದೋಷಗಳೂ ಅವುಗಳಿಗೆ ಮಾಡಿದ ತಿದ್ದುಪಡಿಗಳೂ ಇವೆ.