ಗರಿಯ ಬಣ್ಣ ಬೇರೆ, ಹಕ್ಕಿ ಒಂದೇ



ಹಿಂಗಾರಿ ಜೋಳ ತೆನೆ ಬಿಡುವ ಹೊತ್ತಿಗೆ ಜಮಖಂಡಿ, ಮುಧೋಳ, ಬೀಳಗಿ ಕಡೆಯ ಬಯಲುಸೀಮೆಗೆ ದೂರದ ಅತಿಥಿಗಳು ಬರುತ್ತಾರೆ. ಗುಬ್ಬಚ್ಚಿಗಿಂತ ತುಸು ದೊಡ್ಡ ಹಕ್ಕಿಗಳು, ಹೊಟ್ಟೆ ಹಳದಿ. ಕೆಲವು ಗಂಡುಗಳ ತಲೆ ಕಪ್ಪು, ಕೆಲವುಗಳ ತಲೆ ಕೆಂಗಂದು. ಕವಣೆ ಬೀಸುವ ರೈತನಿಗೆ ಎಲ್ಲವೂ ಕಾಳು ತಿನ್ನುವ ಗುಬ್ಬಿಗಳೇ. ಪಕ್ಷಿಶಾಸ್ತ್ರದಲ್ಲಿ ಇವು ಎರಡು ಬಗೆಯ ಬಂಟಿಂಗ್‌ಗಳು. ಕರಿತಲೆಯದು ಆಗ್ನೇಯ ಯೂರೋಪು ಮತ್ತು ಇರಾನಿನ ಕಡೆಯಿಂದ, ಕೆಂದಲೆಯದು ಮಧ್ಯ ಏಷ್ಯಾದಿಂದ ಬರುತ್ತದೆ. ಹೆಣ್ಣುಗಳನ್ನಂತೂ ಇದು ಯಾವುದು, ಅದು ಯಾವುದು ಎಂದು ಗುರುತಿಸುವುದು ಪಂಡಿತರಿಗೂ ಕಷ್ಟ.

ಹಕ್ಕಿಗಳನ್ನು ವಿಂಗಡಿಸುವ ಕೆಲಸ ಎಷ್ಟು ಕಠಿಣ ಎಂಬುದಕ್ಕೆ ಉತ್ತರದ ಹಿಮಪ್ರದೇಶದ ಪುಟ್ಟ ಫಿಂಚ್ ಒಂದು ಒಳ್ಳೆಯ ಪಾಠ ಹೇಳುತ್ತದೆ. ಅದರ ಹೆಸರು ರೆಡ್‌ಪೋಲ್, ಅಂದರೆ ಕೆಂಪು ನೆತ್ತಿಯದು. ಬಂಟಿಂಗ್‌ನದು ಒಂದು ಕುಟುಂಬವಾದರೆ ಫಿಂಚ್‌ಗಳದು ಫ್ರಿಂಜಿಲ್ಲಿಡೇ ಎಂಬ ಇನ್ನೊಂದು ಕುಟುಂಬ. ರೆಡ್‌ಪೋಲ್ ನಮ್ಮ ನಾಡಿಗೆ ಬರುವುದಿಲ್ಲ. ನಾರ್ವೆ, ರಷ್ಯಾ, ಕೆನಡಾ, ಅಲಾಸ್ಕಾಗಳ ಉತ್ತರ ಭಾಗ ಅದರ ಮನೆ. ಉದ್ದ ಸುಮಾರು 13 ಸೆಂಟಿಮೀಟರ್. ಹಣೆಯ ಮೇಲೆ ಕೆಂಪು ಬೊಟ್ಟು, ಗದ್ದ ಕಪ್ಪು, ಚಿಕ್ಕ ಚೂಪು ಕೊಕ್ಕು. ಬರ್ಚ್ ಮರದ ಬೀಜವೇ ಮುಖ್ಯ ಆಹಾರ. ಗಂಟಲಿನ ಚೀಲದಲ್ಲಿ ಬೀಜ ತುಂಬಿಕೊಂಡು, ಮರೆಯಾದ ಜಾಗ ಹುಡುಕಿ ಮೆಲ್ಲಗೆ ತಿನ್ನುತ್ತದೆ. ಕೊರೆಯುವ ಚಳಿಯಲ್ಲಿ ಹಿಮದೊಳಗೆ ಬಿಲ ಮಾಡಿ ಮಲಗುವುದೂ ಉಂಟು. ಇಷ್ಟು ಸಣ್ಣ ಜೀವಿಗೆ ಇಷ್ಟೆಲ್ಲ ಏರ್ಪಾಡು ಮಾಡಿಕೊಟ್ಟ ಸೃಷ್ಟಿಕರ್ತನಿಗೆ ಸ್ತೋತ್ರ!

ಲಿನೇಯಸ್ ಎಂಬ ವಿಜ್ಞಾನಿ 1758ರಲ್ಲಿ ಈ ಹಕ್ಕಿಗೆ ಶಾಸ್ತ್ರೀಯ ಹೆಸರಿಟ್ಟ. ಮುಂದೆ ಬಂದವರು ಬೆಳ್ಳಗಿನದು ಬೇರೆ, ಕಂದಾಗಿರುವುದು ಬೇರೆ ಎಂದು ವಿಂಗಡಿಸಿದರು. ಕೆಲವರು ಎರಡು ಪ್ರಭೇದವೆಂದರು, ಕೆಲವರು ಮೂರೆಂದರು. 2021ರಲ್ಲಿ ಪ್ರಕಟವಾದ ಸಂಶೋಧನೆ ಇವುಗಳ ಜೀನ್‌ಗಳನ್ನು ಹೋಲಿಸಿ ನೋಡಿತು. ಒಳಗೆ ಎಲ್ಲವೂ ಹೆಚ್ಚುಕಡಿಮೆ ಒಂದೇ! ಒಂದು ವರ್ಣತಂತುವಿನ ಮೇಲೆ ಒಟ್ಟಾಗಿ ಇಳಿದುಬರುವ ಜೀನ್‌ಗಳ ಗುಂಪೊಂದು ಗರಿಯ ಬಣ್ಣವನ್ನೂ ಕೊಕ್ಕಿನ ಆಕಾರವನ್ನೂ ಬದಲಿಸುತ್ತಿತ್ತು, ಅಷ್ಟೇ. 2024ರಲ್ಲಿ ಅಮೆರಿಕದ ಪಕ್ಷಿವಿಜ್ಞಾನಿಗಳ ಸಂಘ ತನ್ನ ಪಟ್ಟಿಯನ್ನು ತಿದ್ದಿ, ಎಲ್ಲವನ್ನೂ ಒಂದೇ ಪ್ರಭೇದವೆಂದು ಬರೆದುಕೊಂಡಿತು.

ಹಾಗೆಂದು ಎಲ್ಲ ಹಕ್ಕಿಗಳೂ ಒಂದೇ ಎಂದಲ್ಲ. ನಮ್ಮ ಹೊಲದ ಬಂಟಿಂಗ್‌ಗಳನ್ನು ಶಾಸ್ತ್ರಜ್ಞರು ಇಂದಿಗೂ ಎರಡೆಂದೇ ಎಣಿಸುತ್ತಾರೆ. ಆದರೆ ಮನುಷ್ಯರ ವಿಷಯದಲ್ಲಿ ಆ ಸಂದೇಹವೂ ಇಲ್ಲ. ಮನುಷ್ಯಕುಲ ಒಂದೇ. ರಬಕವಿ-ಬನಹಟ್ಟಿಯ ನೇಕಾರರನ್ನು ಕೇಳಿ ನೋಡಿ: ಸೀರೆಯ ಬಣ್ಣ ಹತ್ತು ಬಗೆಯಾದರೂ ಬಣ್ಣ ಕುಡಿಯುವ ಮೊದಲು ನೂಲು ಒಂದೇ.

ಸಂತ ಪೌಲರು ಗಲಾತ್ಯರಿಗೆ ಬರೆದ ಪತ್ರದ ಮೂರನೆಯ ಅಧ್ಯಾಯದಲ್ಲಿ, ಸ್ನಾನದೀಕ್ಷೆ ಪಡೆದವರಲ್ಲಿ ಕುಲಭೇದ, ಒಡೆಯ-ಆಳು ಎಂಬ ಭೇದ ಉಳಿಯುವುದಿಲ್ಲವೆಂದು ತಿಳಿಸಿದ್ದಾರೆ. ಭಾನುವಾರದ ಬಲಿಪೂಜೆಯಲ್ಲಿ ನಾವು ಒಂದೇ ಪರಮಪ್ರಸಾದವನ್ನು ಸ್ವೀಕರಿಸುತ್ತೇವೆ. ಆದರೆ ಹೊರಗೆ ಬಂದ ಮೇಲೆ, ಊಟಕ್ಕೆ ಕರೆಯುವಾಗ, ಹೆಣ್ಣು ಕೊಟ್ಟು ತರುವಾಗ, ಹಳೆಯ ಪಟ್ಟಿಯನ್ನೇ ಕೈಗೆತ್ತಿಕೊಳ್ಳುತ್ತೇವಲ್ಲವೇ? ಮಕ್ಕಳು ಜಾತಿ ಎಂಬ ಮಾತನ್ನು ಮೊದಲು ಕೇಳುವುದು ಎಷ್ಟೋ ಸಲ ನಮ್ಮ ಬಾಯಿಂದಲೇ. ಒಂದು ಪುಟ್ಟ ಹಕ್ಕಿಯ ವಿಷಯದಲ್ಲಿ ವಿದ್ವಾಂಸರು ತಮ್ಮ ಪಟ್ಟಿ ತಿದ್ದಿಕೊಳ್ಳಲು ನಾಚಲಿಲ್ಲ. ಗುಬ್ಬಚ್ಚಿಗಳಿಗಿಂತ ನಾವು ಎಷ್ಟೋ ಬೆಲೆಯುಳ್ಳವರೆಂದು ಹೇಳಿದ ಯೇಸುಸ್ವಾಮಿಯ ಶಿಷ್ಯರಾದ ನಾವು ನಾಚಬೇಕೇ?

ಮನೆಯಲ್ಲಿ ಚಿಂತನೆಗೆ:
1. ಈ ವಾರ ಮಕ್ಕಳೊಡನೆ ಹೊಲಕ್ಕೆ ಹೋಗಿ ಹಕ್ಕಿಗಳನ್ನು ಗಮನಿಸಿ. ಯಾವುದು ಒಂದೇ, ಯಾವುದು ಬೇರೆ?
2. ನಮ್ಮ ಧರ್ಮಕೇಂದ್ರದಲ್ಲಿ ನಾವು ಇದುವರೆಗೆ ಊಟಕ್ಕೆ ಕರೆಯದ ಕುಟುಂಬ ಯಾವುದು? ಏಕೆ?